ದೀಪಕ್ಕೆ ಕೆಂಪಾಗದ ಹರಳು

ಪೂರ್ವದ ಕಿಟಕಿಗೆ ಕೆಂಪು ಕಲ್ಲಿನ ಹಾಸು. ಇಳಕಲ್ಲಿನ ನೆಲದಿಂದಲೇ ಎದ್ದು, ಇಳಕಲ್ಲಿನ ಯಂತ್ರಕ್ಕೇ ಮೈಯೊಡ್ಡಿ ಕನ್ನಡಿಯಾದ ಕಲ್ಲು. ಅದರ ಮೇಲೆ ಮಡಚಿಟ್ಟ ಬಿಳಿಯ ಅರಿವೆ. ಅರಿವೆಯ ಮೇಲೆ ಒಂದು ಪದಕ.

ವೀಳ್ಯದೆಲೆಯ ಆಕಾರದ ಬಂಗಾರ. ಎಲೆಯ ನರಗಳನ್ನು ಕೂಡ ಅಕ್ಕಸಾಲಿಗ ಮರೆತಿರಲಿಲ್ಲ. ಆ ನರಗಳೆಲ್ಲ ಹರಿದುಬಂದು ಸೇರುವಲ್ಲಿ, ತೊಗರಿಕಾಳಿಗಿಂತ ತುಸು ದೊಡ್ಡದಾದ ಹಸಿರು ಹರಳು. ಬೆಳಗಿನ ಬಿಸಿಲು ಕಿಟಕಿಯ ಸರಳುಗಳ ನಡುವಿನಿಂದ ಇಳಿದು, ಅರಿವೆಯ ಮೇಲೆ ಪಟ್ಟೆಪಟ್ಟೆಯಾಗಿ ಮಲಗಿ, ಒಂದು ಪಟ್ಟೆಯ ತುದಿಯನ್ನು ಮಾತ್ರ ಹರಳಿಗೆ ತಾಗಿಸಿತ್ತು. ತಾಗಿದ ಕಡೆ ಹಸಿರು ಎಳೆಯದು. ಉಳಿದ ಕಡೆ ಹೊಂಡದ ತಳದ ನೀರಿನಂಥದು. ಪಕ್ಕದ ಮನೆಯ ಮಗ್ಗ ಅದೇಕೋ ನಿಂತಿತ್ತು. ಪದಕದ ನೆರಳು, ಯಾರೋ ಬರೆದು ಅರ್ಧಕ್ಕೇ ಬಿಟ್ಟ ಸಾಲಿನಂತೆ, ಅಲುಗದೆ ಬಿದ್ದಿತ್ತು.

ಮಗ್ಗ ಮತ್ತೆ ಬಡಿಯತೊಡಗಿದಾಗಲೇ ಕೋಣೆಯಲ್ಲಿದ್ದವರು ಉಸಿರು ಬಿಟ್ಟದ್ದು.

“ನೋಡಿದ್ರಲ್ರಿ ಅಯ್ಯಾರ?” ಎಂದಳು ಗುರುಸಿದ್ದವ್ವ. “ಹಸರ. ಆ ದಿನಾ ನನ್ನ ಮುಂದ ಅಂಗಳದಾಗ ಕೂತು ಅಂವ ಕೂಡಿಸಿದಾಗೂ ಹಿಂಗ ಹಸರ ಇತ್ತು. ದೀಪಾ ಹಚ್ಚೂ ಹೊತ್ತಿಗೆ ಕೆಂಪ. ಎರಡೂ ಈ ಕಣ್ಣಲೆ ನೋಡೇನಿ.”

ಸಂಗಯ್ಯನವರು ಬಾಗಿ ಹರಳನ್ನು ನೋಡಿದರು. ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿ ಬಾಗಲಕೋಟೆಯ ನವನಗರದಲ್ಲಿ ನೆಲೆಸಿದ ಮೇಲೂ ಅವರ ಬಾಗಿಲಿಗೆ ಇಂಥ ಸಂಕಟಗಳು ಬರುವುದು ನಿಂತಿರಲಿಲ್ಲ. ಈ ಪದಕದ ಹರಳನ್ನು ಬದಲಿಸಿದನೆಂದು ಹುನಗುಂದದ ಹರಳು ಕೂಡಿಸುವ ಮೀರಾಸಾಬನ ಮೇಲೆ ಕೇಸಾಗಿತ್ತು; ಪದಕವನ್ನು ಮುಚ್ಚಳಿಕೆ ಬರೆಸಿಕೊಂಡು ಗುರುಸಿದ್ದವ್ವನಿಗೆ ಮರಳಿಸಿದ್ದರು. ಜಾಮೀನಿನ ಮೇಲೆ ಮನೆಯಲ್ಲಿದ್ದ ಅವನು ನಾಳೆ ಬೆಳಿಗ್ಗೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಳ್ಳಲು ನಿರ್ಧರಿಸಿದ್ದ. ಅದನ್ನು ತಡೆಯಲು ಅವನ ಮಗಳು ಅಫ್ಸಾನಾಳಿಗೆ ಉಳಿದದ್ದು ಇವತ್ತಿನ ಹಗಲು ಮಾತ್ರ.

ಸಂಗಯ್ಯನವರನ್ನು ಇಳಕಲ್ಲಿನ ಈ ಮನೆಗೆ ಕರೆತಂದ ಅವಳು ಹೊಸ್ತಿಲಾಚೆ, ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದಳು. ಒಳಗೆ ಬಾ ಎಂದು ಯಾರೂ ಕರೆದಿರಲಿಲ್ಲ. ಕೊರಳಿನ ಬೆಳ್ಳಿಯ ತಾಯತವನ್ನು ಬೆರಳುಗಳು ಮೇಲೆ ಕೆಳಗೆ ಸರಿಸುತ್ತಿದ್ದವು.

ಗುರುಸಿದ್ದವ್ವನ ಕಣ್ಣು ಅದರ ಮೇಲೆ ಬಿತ್ತು. “ತಾಯತಾ ಕಟ್ಕೊಂಡ ಬಂದೀಯಲ್ಲ. ನನ್ನ ದೃಷ್ಟಿ ತಾಕ್ತೈತಂತ ಅಂಜಿಕಿ ಏನು?”

“ಅಬ್ಬಾ ಕಟ್ಯಾರ್ರಿ. ಈ ಸುದ್ದಿ ಎದ್ದ ಮ್ಯಾಲ.”

“ಒಳಗೇನೈತಿ?”

“ಬಿಚ್ಚಬಾರದು ಅಂದಾರ್ರಿ. ನಿಮ್ಮ ಕೊರಳಾಗಿನ ಕರಡಗಿ ನೀವು ಕಂಡಕಂಡಲ್ಲಿ ಬಿಚ್ಚತೀರೇನ್ರಿ?”

ಮುದುಕಿಯ ಕೈ ತನ್ನ ಎದೆಯ ಮೇಲಿನ ಬೆಳ್ಳಿಯ ಕರಡಿಗೆಗೆ, ಅದರೊಳಗಿನ ಇಷ್ಟಲಿಂಗಕ್ಕೆ, ತಾನಾಗಿ ಹೋಯಿತು. “ಬಾಯಿ ಭಾಳ ಐತಿ ಈಕಿಗೆ,” ಎಂದಳು, ಸಂಗಯ್ಯನವರ ಕಡೆ ತಿರುಗಿ. ಆ ಮಾತಿನಲ್ಲಿ ಸಿಟ್ಟಿಗಿಂತ ಗುರುತಿಸುವಿಕೆಯೇ ಹೆಚ್ಚಿತ್ತು. ಅವಳೂ ಒಂದು ಕಾಲಕ್ಕೆ ಹಾಗೆಯೇ ಮಾತನಾಡುತ್ತಿದ್ದಿರಬೇಕು.

“ಅವ್ವಾರ,” ಸಂಗಯ್ಯನವರು ಕೇಳಿದರು, “ಕೆಂಪ ಕಂಡ ಕೂಡಲೆ ಹರಳ ಬದಲ ಆಗೇತಂತ ಹ್ಯಾಂಗ ತಿಳದ್ರಿ?”

“ಇದನ್ನ ಯಾರರ ಹೇಳಿಕೊಡಬೇಕೇನ್ರಿ? ಸೀರಿ ವ್ಯಾಪಾರದಾಗ ತಲಿ ಬೆಳ್ಳಗಾದಾಕಿ ನಾ. ನೂಲು ಬಂತಂದ್ರ ಮೊದಲ ಅಂಗಳಕ್ಕ ಒಯ್ದು ಹಿಡೀತೇವಿ, ಆಮ್ಯಾಲ ದೀಪಕ್ಕ ಹಿಡೀತೇವಿ. ಎರಡೂ ಕಡಿ ಒಂದ ಮಾತ ಹೇಳಿದ್ರ ಪಕ್ಕಾ ಬಣ್ಣ. ಹಗಲಿಗೊಂದು, ರಾತ್ರಿಗೊಂದು ಹೇಳಿದ್ರ ಕಚ್ಚಾ. ಅಂಥಾ ನೂಲ ಈ ಮನಿ ಗಾದಿ ಏರಿಲ್ಲ. ಹರಳಿಗೆ ಬ್ಯಾರೆ ನ್ಯಾಯಾ ಇರ್ತೈತೇನು?”

“ಇರ್ತೈತ್ರಿ,” ಎಂದರು ಸಂಗಯ್ಯನವರು ಮೆಲ್ಲಗೆ. “ಈ ಒಂದು ಹರಳಿಗೆ ಇರ್ತೈತಿ.”

ನಿನ್ನೆ ಹುಬ್ಬಳ್ಳಿಯ ರತ್ನಪರೀಕ್ಷಕರೊಬ್ಬರು ಫೋನಿನಲ್ಲಿ ಹೇಳಿದ್ದನ್ನು ಅವರು ತಮ್ಮ ಮಾತಿನಲ್ಲಿ ಹೇಳಿದರು. ಅಲೆಕ್ಸಾಂಡ್ರೈಟ್ ಎಂದು ಅದರ ಹೆಸರು. ಸೂರ್ಯನ ಬೆಳಕಿನಲ್ಲಿ ಹಸಿರು, ದೀಪದ ಬೆಳಕಿನಲ್ಲಿ ಕೆಂಪು. ಹರಳು ಅದೇ, ಅದರ ಮೇಲೆ ಬೀಳುವ ಬೆಳಕು ಬೇರೆ. ಈ ಗುಣಕ್ಕಾಗಿಯೇ ಅದನ್ನು ಕಂಡವರು ಮರುಳಾಗುತ್ತಾರೆ: ಒಂದನ್ನು ಕೊಂಡು ಎರಡನ್ನು ತೊಟ್ಟಂತೆ. ಈ ಗುಣಕ್ಕಾಗಿಯೇ ಅದನ್ನು ಇಟ್ಟುಕೊಂಡವರು ಬಳಲುತ್ತಾರೆ ಕೂಡ. ಯಾವ ಸೀರೆಗೆ ಒಪ್ಪುವುದೆಂದು ಹೇಳಲಾಗದು. ಈಗಿನ ಬಿಳಿಯ ಬಲ್ಬುಗಳ ಕೆಳಗೆ ಹಸಿರೂ ಅಲ್ಲದ ಕೆಂಪೂ ಅಲ್ಲದ ಒಂದು ಮಂಕು ಮೋರೆ ಹೊತ್ತು ಕೂರುತ್ತದೆ. ಸಿಗುವುದು ಅಪರೂಪ, ಸಿಕ್ಕಿದ್ದರಲ್ಲಿ ಕಾರ್ಖಾನೆಯಲ್ಲಿ ಬೆಳೆಸಿದ್ದೇ ಬಹಳ. ನೆಲದಿಂದ ಬಂದದ್ದೆಂದು ನಂಬಿಸುವುದು, ನಂಬುವುದು ಎರಡೂ ಕಷ್ಟ.

ಗುರುಸಿದ್ದವ್ವ ಗದ್ದಕ್ಕೆ ಕೈಯಿಟ್ಟು ಕೇಳಿದಳು. “ಅಂದ್ರ ಹಗಲಿ ಹಸರ ಸೀರಿ ಉಟ್ಟು ಮದುವಿಗೆ ಹೋದಾಕಿ, ಆರತಿ ಹೊತ್ತಿಗೆ ಮನಿಗೆ ಓಡಿ ಬಂದು ಕೆಂಪ ಸೀರಿ ಉಟ್ಕೋಬೇಕು. ಇದು ಹರಳಲ್ರಿ ಅಯ್ಯಾರ, ಸೀರಿ ಅಂಗಡಿಯವರು ಹೂಡಿದ ಆಟಾ.”

ಹೊಸ್ತಿಲಾಚೆ ಅಫ್ಸಾನಾಳ ತುಟಿಯಂಚಿನಲ್ಲಿ ನಗೆಯೊಂದು ಬಂದು, ಇಲ್ಲಿ ತನಗೆ ಜಾಗವಿಲ್ಲವೆಂದು ತಿಳಿದು, ಹಿಂದಿರುಗಿತು.

“ಮಾತ ಬ್ಯಾಡ್ರಿ. ಪರೀಕ್ಷಾ ಮಾಡಿಬಿಡೋಣು,” ಎಂದರು ಸಂಗಯ್ಯನವರು. “ಕಿಟಕಿ ಮುಚ್ಚಸ್ರಿ. ಆ ಸಂಜಿ ಹಚ್ಚಿದ್ದ ದೀಪಾನ ತರಸ್ರಿ. ಹರಳ ಕೆಂಪಾತಂದ್ರ ಮೀರಾಸಾಬ ಏನೂ ಮಾಡಿಲ್ಲ. ಅಂವ ಕೂಡಿಸಿದ ಹರಳ ಇನ್ನೂ ಅಲ್ಲೇ ಐತಿ. ನಾಳೆ ನೀವ ಬಂದು ಒಂದ ಮಾತ ಹೇಳಿದ್ರ ಸಾಕು.”

“ಸುನಂದಾ,” ಮುದುಕಿ ಒಳಗಿನ ಕಡೆ ಕೂಗಿದಳು, “ದೇವರ ಖೋಲ್ಯಾಗಿನ ಹಿತ್ತಾಳಿ ದೀಪಾ ಹಚ್ಕೊಂಡ ಬಾ.”

ಕಿಟಕಿಯ ಎರಡು ಕದಗಳು ಕೂಡಿದವು. ಬಿಸಿಲಿನ ಪಟ್ಟೆಗಳು ಒಂದೊಂದಾಗಿ ಎದ್ದುಹೋದವು. ಹಗಲಿನ ನಡುವೆ ಒಂದು ಚಿಕ್ಕ ಇರುಳನ್ನು ಕಟ್ಟಿದಂತಾಯಿತು.

ದೀಪ ಹಿಡಿದು ಬಂದವಳು ಈ ಮನೆಯ ಸೊಸೆ, ಬಾದಾಮಿಯ ಮಗಳು. ನಲ್ವತ್ತರ ಆಚೀಚೆಯ ಹೆಂಗಸು. ನಡಿಗೆಯಲ್ಲಿ ಸಪ್ಪಳವಿಲ್ಲ. ದೀಪವನ್ನು ಕಲ್ಲಿನ ಹಾಸಿನ ಮೇಲಿಟ್ಟು ಬತ್ತಿಯನ್ನು ಬೆರಳಿನಿಂದ ಮುಂದೆ ಮಾಡಿದಳು.

ಎಲ್ಲರೂ ಹರಳಿನ ಕಡೆ ಬಾಗಿದರು. ಹೊಸ್ತಿಲನ್ನು ಮರೆತು ಅಫ್ಸಾನಾ ಕೂಡ ಕೊರಳು ಚಾಚಿದಳು. ಸುನಂದಾ ಒಬ್ಬಳೇ ಹರಳನ್ನು ನೋಡದೆ ದೀಪದ ಕುಡಿಯನ್ನು ನೋಡುತ್ತಿದ್ದಳು. ಸಂಗಯ್ಯನವರು ಅದನ್ನು ಕಂಡರು; ಕಂಡು ಮನಸ್ಸಿನ ಒಂದು ಮೂಲೆಯಲ್ಲಿ ಇಟ್ಟುಕೊಂಡರು.

ಕುಡಿ ನಿಂತಿತು. ಬಂಗಾರ ಬೆಚ್ಚಗೆ ಬೆಳಗಿತು.

ಹರಳು ಹಸಿರಾಗಿಯೇ ಇತ್ತು.

ಸಂಗಯ್ಯನವರು ಪದಕವನ್ನೆತ್ತಿ ಕುಡಿಯ ಹತ್ತಿರ ಹಿಡಿದರು. ಓರೆ ಮಾಡಿದರು. ಇನ್ನೊಂದು ಮಗ್ಗುಲಿಗೆ ಹೊರಳಿಸಿದರು. ಹಸಿರು ತುಸು ಕಪ್ಪಾಯಿತೇ ವಿನಾ ಅದರೊಳಗೆ ಕೆಂಪಿನ ಎಳೆಯೂ ಹುಟ್ಟಲಿಲ್ಲ.

ಹೊಸ್ತಿಲಾಚೆ ಅಫ್ಸಾನಾ ಕಣ್ಣು ಮುಚ್ಚಿಕೊಂಡಳು.

“ಈಗೇನಂತೀರಿ?” ಗುರುಸಿದ್ದವ್ವನ ದನಿಯಲ್ಲಿ ಗೆಲುವಿತ್ತು, ಆದರೆ ಗೆದ್ದವರಿಗೆ ಇರಬೇಕಾದ ನೆಮ್ಮದಿ ಇರಲಿಲ್ಲ. “ಬಾಗಲಕೋಟಿ ಅಂಗಡಿಯಂವ ನೋಡಿ ಗಾಜು ಅಂದಿದ್ದ. ನಿಮ್ಮ ಹುಬ್ಬಳ್ಳಿ ಮಾತು ಹುಬ್ಬಳ್ಯಾಗ ಇರ್ಲಿ.”

ಸಂಗಯ್ಯನವರು ಪದಕವನ್ನು ಅರಿವೆಯ ಮೇಲೆ ಇಳಿಸಿದರು. ಆಮೇಲೆ, ತಮಗೇ ಹೇಳಿಕೊಳ್ಳುವವರಂತೆ ಕೇಳಿದರು:

“ಅವ್ವಾರ, ಆ ಸಂಜಿ ನೀವು ಕೆಂಪ ಕಂಡದ್ದು ಖರೇನ?”

“ಲಿಂಗದಾಣಿ ಖರೆ. ಈ ದೀಪಾನ. ಪೂಜಾಕ್ಕ ಕೂತಿದ್ದೆ, ಪದಕಾ ತಾಟಿನಾಗ ಇತ್ತು. ರಕ್ತದ ಹನಿ ಬಿದ್ದಂಗ ಕಾಣ್ತು. ಅದನ್ನ ನೋಡಿನ ನಾ ಎದ್ದದ್ದು.”

“ಮಧ್ಯಾಹ್ನ ಅಂಗಳದಾಗ ಹಸರ. ಸಂಜಿಗೆ ದೀಪಕ್ಕ ಕೆಂಪ. ಹೌದಲ್ರಿ?”

“ಎಷ್ಟ ಸಲಾ ಹೇಳಲಿ?”

“ಈ ಗಾಜು ದೀಪಕ್ಕ ಕೆಂಪಾಗೂದಿಲ್ಲ. ಅಂದ ಮ್ಯಾಲ ಆ ಸಂಜಿ ಪದಕದಾಗ ಇದ್ದದ್ದು ಈ ಗಾಜಲ್ಲ. ಖರೇ ಹರಳ. ಮೀರಾಸಾಬ ಕೂಡಿಸಿ ಹೋದ ಹರಳನ ನಿಮ್ಮ ತಾಟಿನಾಗ ಇತ್ತು. ಅಂವ ಕೆಲಸಾ ಮುಗಿಸಿ ಹೋದಂವ ಮತ್ತ ಈ ಮನಿ ಹೊಸ್ತಿಲಾ ತುಳದಿಲ್ಲ. ಬದಲ ಆದದ್ದು ಆಮ್ಯಾಲ.”

ಪಕ್ಕದ ಮನೆಯ ಮಗ್ಗ ಹತ್ತಾರು ಸಲ ಬಡಿಯಿತು.

ಗುರುಸಿದ್ದವ್ವ ತಿಳಿದುಕೊಂಡ ಕ್ಷಣ ಮುಖದಲ್ಲಿ ಕಾಣಲಿಲ್ಲ, ಕೈಯಲ್ಲಿ ಕಂಡಿತು. ಸೆರಗಿನ ತುದಿಯನ್ನು ಹಿಡಿದಿದ್ದ ಬೆರಳುಗಳು ಅದನ್ನು ಬಿಟ್ಟವು. ಕೆಂಪು ರೇಷ್ಮೆಯ ಸೆರಗು ಮಡಿಲಿಗೆ ಜಾರಿತು. ಸೀರೆಗೆ ಯಾವುದು ದೋಷವೋ ಈ ಹರಳಿಗೆ ಅದೇ ಬೆಲೆಯಾಗಿತ್ತು. ಬದುಕೆಲ್ಲ ಬಣ್ಣವನ್ನು ತೂಗಿದ ಕಣ್ಣು ಒಂದು ಸಂಜೆ ತನ್ನ ತಕ್ಕಡಿಯಲ್ಲಿ ಇಡಬಾರದ್ದನ್ನು ಇಟ್ಟು ತೂಗಿತ್ತು; ಮತ್ತು ಆ ತೂಕವನ್ನು ಊರೆಲ್ಲ ನಂಬಿತ್ತು.

“ಹೆಸರ ತಗೊಂಡ ಅಂದೆ,” ಎಂದಳು. “ಬಜಾರದಾಗ ನಿಂತು ಅಂದೆ. ಹುನಗುಂದದಾಗ ಅಂವಗ ಯಾರೂ ಒಂದ ಹರಳ ಕೊಡಲಾರದಂಗ ಮಾಡ್ದೆ.” ಆಮೇಲೆ ಹೊಸ್ತಿಲ ಕಡೆ ನೋಡದೆ ಕೈ ಚಾಚಿದಳು. “ಒಳಗ ಬಾ ಮಗಳ. ಯಾಕ ಹೊರಗ ನಿಂತೀ.”

ಅಫ್ಸಾನಾ ಹೊಸ್ತಿಲು ದಾಟಿದಳು. ಅಳುತ್ತಿದ್ದಳು, ಅದನ್ನು ಅಡಗಿಸುವ ಗೋಜಿಗೆ ಹೋಗಲಿಲ್ಲ. “ನಮ್ಮ ಅಬ್ಬಾ ಕೈ ಗೊತ್ತಿತ್ರಿ ನಂಗ,” ಎಂದಳು. “ಸಾಲಿಗೆ ಹೋಗೂಮುಂದ ಅವರ ಕೆಲಸದ ಮಣಿ ಮುಂದ ಕೂತು ನೋಡಿ ಬೆಳದಾಕಿ ನಾ. ಆ ಕೈ ಇನ್ನೊಬ್ಬರದು ಇಟ್ಕೊಳ್ಳೂ ಕೈ ಅಲ್ರಿ.”

“ಸಾಲ್ಯಾಗ ಹುಡುಗೂರಿಗೆ ಏನ ಕಲಸ್ತೀ?” ಮುದುಕಿ ಕೇಳಿದಳು, ಏನಾದರೊಂದು ಕೇಳಬೇಕೆಂಬಂತೆ.

“ಗಣಿತಾರಿ.”

“ಹಂಗಾರ ನನ್ನ ಲೆಕ್ಕ ತಪ್ಪೇತಂತ ನೀ ಆವತ್ತ ಬಂದು ಹೇಳಬೇಕಿತ್ತು.”

“ಬಂದಿದ್ನೆಲ್ರಿ. ಬಾಗಲಾ ತಗೀಲಿಲ್ಲ ನೀವು.”

ಸಂಗಯ್ಯನವರು ಪದಕವನ್ನು ಮತ್ತೆ ಕೈಗೆತ್ತಿಕೊಂಡರು. ಗೆದ್ದ ವಾದವನ್ನು ಇನ್ನೊಮ್ಮೆ ಮುಟ್ಟಿ ನೋಡುವುದು ಅವರ ಹಳೆಯ ರೂಢಿ. ಅದಕ್ಕಾಗಿ ಅವರು ಎಷ್ಟೋ ಸಲ ಪಶ್ಚಾತ್ತಾಪಪಟ್ಟಿದ್ದರು. ಜೇಬಿನಿಂದ ಭೂತಗನ್ನಡಿ ತೆಗೆದರು. ಹರಳಿನ ಸುತ್ತ, ಅದನ್ನು ಹಿಡಿದಿಟ್ಟ ಬಂಗಾರದ ತೆಳ್ಳನೆಯ ಅಂಚು ಕಂಡಿತು.

“ಇಲ್ನೋಡವಾ. ಈ ಅಂಚ ಮಡಚಿದ್ದು ಯಾರ ಕೈ ಅಂತ ಹೇಳಾಕ ಆಗ್ತೈತೇನು?”

ಅಫ್ಸಾನಾ ಕಣ್ಣೊರೆಸಿಕೊಂಡು ಭೂತಗನ್ನಡಿಯೊಳಗೆ ನೋಡಿದಳು. ಅವಳ ಮುಖ ಅರಳಿತು.

“ಅಬ್ಬಾಂದರಿ. ಅವರು ಎಡಗೈಯವರು. ಅಂಚ ಮಡಚೂದು ಎಡಕ್ಕ ಸುರು ಮಾಡಿ ಎಡಕ್ಕ ಮುಗಸ್ತಾರ. ಕಡೀ ಒತ್ತು ಇಲ್ಲಿ ಐತಿ ನೋಡ್ರಿ, ಅಕ್ಕಿನುಚ್ಚಿನಂಗ. ಯಾರ ಮುಂದ ಬೇಕಾದ್ರೂ ಹೇಳ್ತೇನ್ರಿ, ಇದು ನಮ್ಮ ಅಬ್ಬಾನ ಕೈ.”

ಆ ಹೆಮ್ಮೆಯ ಮಾತು ಏನು ಹೇಳಿತೆಂದು ಆಡಿದವಳಿಗೆ ತಿಳಿಯಲಿಲ್ಲ. ಸಂಗಯ್ಯನವರಿಗೆ ತಿಳಿಯಿತು. ನಿಜವಾದ ಹರಳನ್ನು ಹೊರತೆಗೆಯಲು ಈ ಅಂಚನ್ನು ಬಿಚ್ಚಲೇಬೇಕು. ಬಿಚ್ಚಿದ ಅಂಚು ಈ ಗಾಜಿನ ಸುತ್ತ ಮತ್ತೆ ಮಡಚಿಕೊಂಡಿತ್ತು. ಮಡಚಿದ್ದು ಅದೇ ಎಡಗೈ.

ಭೂತಗನ್ನಡಿಯನ್ನು ತಾವು ಮನೆಯಲ್ಲಿಯೇ ಮರೆತು ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವರಿಗನ್ನಿಸಿತು. ಇಲ್ಲಿಗೇ ನಿಲ್ಲಿಸಬಹುದಿತ್ತು. ನಾಳೆ ಮುದುಕಿ ಕೋರ್ಟಿಗೆ ಬಂದು ತನ್ನ ಮಾತನ್ನು ಹಿಂದಕ್ಕೆ ಪಡೆಯುತ್ತಾಳೆ, ಮೀರಾಸಾಬ ಮನೆಗೆ ಹೋಗುತ್ತಾನೆ, ಈ ಹುಡುಗಿ ಸೋಮವಾರ ಶಾಲೆಯ ಕಪ್ಪುಹಲಗೆಯ ಮುಂದೆ ನಿಲ್ಲುತ್ತಾಳೆ. ಅರ್ಧ ಸತ್ಯಕ್ಕೆ ಇಷ್ಟೆಲ್ಲ ಮಾಡುವ ಶಕ್ತಿ ಇತ್ತು. ಆದರೆ ಉಳಿದ ಅರ್ಧ ಎಲ್ಲಿ ಬಿದ್ದಿದೆಯೋ, ಯಾರ ಕಾಲಿಗೆ ತೊಡರುವುದೋ.

ಅವರು ಪದಕವನ್ನು ಕೆಳಗಿಟ್ಟರು. ಏನೂ ಹೇಳಲಿಲ್ಲ.

ಹೇಳಿದವಳು ಗುರುಸಿದ್ದವ್ವ. “ಹಂಗಾರ ಬದಲ ಮಾಡಿದಂವ ಆ ಬಾಗಲಕೋಟಿ ಅಂಗಡಿಯಂವನ. ಮರುದಿನ ಪರೀಕ್ಷಾಕ್ಕ ಅಂತ ಅಲ್ಲಿಗಿ ಕಳಿಸಿದ್ದೆ. ಖರೇ ಹರಳ ಕಂಡು ಆಸಿಗೆ ಬಿದ್ದು ತಗದಿಟ್ಕೊಂಡ, ಗಾಜ ತುರಕಿ ಕಳಿಸಿದ. ಹೌದಲ್ಲ ಸುನಂದಾ? ನೀನ ಒಯ್ದಿದ್ದೆಲ್ಲ? ಒಳಗಿನ ಖೋಲಿಗೆ ಒಯ್ದಿದ್ನೇನು ಅಂವ?”

ಸುನಂದಾ ದೀಪದ ಪಕ್ಕದಿಂದ ಅಲುಗಿರಲಿಲ್ಲ.

ಅವಳ ಮುಂದೆ ಒಂದು ಬಾಗಿಲು ತೆರೆದಿತ್ತು. ಹೌದು ಎಂದರೆ ಸಾಕು. ಇನ್ನೊಬ್ಬ ಅಪರಿಚಿತನ ಮೇಲೆ ಇದೇ ಮಾತು ಹೋಗಿ ಕೂರುತ್ತಿತ್ತು. ಅವನಿಗೂ ಮಗಳೊಬ್ಬಳಿದ್ದರೆ ಅವಳೂ ಯಾವುದೋ ಹೊಸ್ತಿಲಾಚೆ ನಿಲ್ಲುತ್ತಿದ್ದಳು. ಸಂಗಯ್ಯನವರು ಅವಳನ್ನು ನೋಡುತ್ತಿದ್ದರು. ಅವಸರ ಮಾಡಲಿಲ್ಲ.

“ಇಲ್ರಿ ಅತ್ತಿ,” ಎಂದಳು ಸುನಂದಾ. “ಅಂವ ಏನೂ ಮಾಡಿಲ್ಲ. ಅಂವನ ಕೈಗೆ ಹೋದದ್ದ ಗಾಜು.”

“ಏನಂದಿ?”

“ಇನ್ನೊಬ್ಬರ ಮ್ಯಾಲ ಬ್ಯಾಡ್ರಿ. ಒಬ್ಬರ ಮ್ಯಾಲ ಹಾಕಿದ್ದ ಸಾಕಾಗೇತಿ.”

ಸಂಗಯ್ಯನವರು ಕಿಟಕಿಯ ಒಂದು ಕದವನ್ನು ತೆರೆದರು. ಮುಚ್ಚಿದ ಕೋಣೆಯಲ್ಲಿ ಈ ಮಾತು ನಡೆಯುವುದು ಅವರಿಗೆ ಬೇಕಿರಲಿಲ್ಲ. ಬಿಸಿಲು ಒಳಗೆ ಬಂದು ದೀಪದ ಪಕ್ಕ ಕುಳಿತಿತು.

“ನೀವು ದೀಪಾ ತಂದಾಗ ಹರಳ ನೋಡ್ಲಿಲ್ಲ,” ಎಂದರು. “ಅದು ಕೆಂಪಾಗೂದಿಲ್ಲಂತ ನಿಮಗ ಮೊದಲ ಗೊತ್ತಿತ್ತು.”

“ಗೊತ್ತಿತ್ರಿ. ಖರೇದು ಕೆಂಪಾಗ್ತೈತಂತಾನೂ ಗೊತ್ತಿತ್ತು. ನಾ ಸಣ್ಣಾಕಿದ್ದಾಗಿಂದ ಗೊತ್ತು.”

“ಹ್ಯಾಂಗ?”

“ಅದು ನಮ್ಮವ್ವನ ಹರಳ್ರಿ.”

ಗುರುಸಿದ್ದವ್ವ ಪದಕದಿಂದ ಕಣ್ಣು ತೆಗೆದಳು.

ಸುನಂದಾಳ ತಂದೆ ಸೈನ್ಯದಲ್ಲಿದ್ದವನು. ಸಿಂಹಳಕ್ಕೆ ಹೋದ ದಂಡಿನೊಡನೆ ಹೋಗಿ, ಮರಳುವಾಗ ಹೆಂಡತಿ ಸಕ್ರವ್ವನಿಗೆಂದು ಈ ಹರಳು ತಂದಿದ್ದ. ಬೆಲೆಯುಳ್ಳದ್ದೆಂದು ತಿಳಿದು ತಂದದ್ದಲ್ಲ, ಚೆಂದ ಕಂಡಿತೆಂದು ತಂದದ್ದು. ಅದನ್ನು ಉಂಗುರಕ್ಕೆ ಕೂಡಿಸಿ ಕೊಟ್ಟವನು ಮೀರಾಸಾಬ. ಅವನ ಅಂಗಡಿ ಆಗ ಹಳೆಯ ಬಾಗಲಕೋಟೆಯಲ್ಲಿತ್ತು. ಅಣೆಕಟ್ಟಿನ ಹಿನ್ನೀರು ಏರಿ ಆ ಓಣಿಯೇ ಇಲ್ಲವಾದಾಗ, ಕೂರಲು ಜಾಗವಿಲ್ಲದ ಅವನ ಮಣೆಗೆ ಬಾದಾಮಿಯ ತನ್ನ ಮನೆಯ ಕಟ್ಟೆಯನ್ನು ಬಿಟ್ಟುಕೊಟ್ಟವಳು ಸಕ್ರವ್ವ. ಹುನಗುಂದದಲ್ಲಿ ನೆಲೆ ಸಿಗುವವರೆಗೂ ಅವನು ಅಲ್ಲಿಯೇ ಕೆಲಸ ಮಾಡಿದ.

“ಬಾದಾಮ್ಯಾಗ ಕರೆಂಟ ಹೋಗತಿತ್ತು,” ಸುನಂದಾ ಹೇಳುತ್ತಿದ್ದಳು. “ಕಂದೀಲ ಹಚ್ಚತಿದ್ರು. ನಾ ಅವ್ವನ ಬೆರಳು ಹಿಡಕೊಂಡು ಕಂದೀಲಕ್ಕ ಒಯ್ತಿದ್ದೆ, ಕೆಂಪ. ಮುಂಜಾನಿ ಹೊಂಡದ ದಂಡಿಗಿ ಒಯ್ತಿದ್ದೆ, ಹಸರ. ಮೀರಾಕಾಕಾ ನಗತಿದ್ರು. ‘ನಿಮ್ಮವ್ವನಂಗ ಐತಿ ತಂಗೀ ಈ ಹರಳ, ಹಗಲಿ ಎಲ್ಲಾರ್ಗೂ ತಂಪು, ರಾತ್ರಿ ತಾನೊಂದ ಉರೀತೈತಿ’ ಅಂತಿದ್ರು. ಅಪ್ಪಾ ಹೋದ ಮ್ಯಾಲ ಅಂದ ಮಾತದು.”

“ಅವ್ವ ಹೋಗೂಮುಂದ ನನಗ ಕೊಟ್ಟು ಹೋದ್ಲು,” ಸುನಂದಾ ಮುಂದುವರಿಸಿದಳು. “ನಾ ಈ ಮನಿಗೆ ತಂದೆ, ತೊಡಲಾರದ ಟ್ರಂಕಿನಾಗ ಇಟ್ಟಿದ್ದೆ. ನಾದಿನಿ ಶೀಲಾನ ಮದುವಿ ನಿಶ್ಚಯ ಆತು. ಮಗಳಿಗೆ ಪದಕಾ ಮಾಡಸಬೇಕು, ನಿನ್ನ ಉಂಗರದ ಹರಳ ಕೊಡು ಅಂದ್ರಿ ಅತ್ತಿ. ಅವ್ವಂದ ಅದು ಅಂದೆ. ಮನಿಗೆ ಬಂದದ್ದು ಮನೀದು ಅಂದ್ರಿ.”

“ಅಂದಿದ್ದೆ,” ಎಂದಳು ಗುರುಸಿದ್ದವ್ವ.

“ಹರಳ ಕೂಡಸಾಕ ಮೀರಾಕಾಕಾನ ಬಂದ್ರು. ಅಂಗಳದಾಗ ಅದನ್ನ ಕೈಗೆ ತಗೊಂಡ ಕೂಡಲೆ ಗುರ್ತ ಹಿಡದ್ರು. ನನ್ನ ಮಾರಿ ನೋಡಿದ್ರು. ನಾ ತಲಿ ಅಲ್ಲಾಡಸಿದೆ, ಏನೂ ಹೇಳಬ್ಯಾಡ್ರಿ ಅಂತ. ಅವರು ಹೇಳಲಿಲ್ಲ. ಆವತ್ತ ಒಂದ ಮಾತ, ‘ಅವ್ವಾರ, ಇದು ದೀಪಕ್ಕ ಕೆಂಪಾಗ್ತೈತಿ, ಅಂಜಬ್ಯಾಡ್ರಿ’ ಅಂದಿದ್ರ ಯಾವುದೂ ಆಗ್ತಿರ್ಲಿಲ್ಲ. ನಾ ತಲಿ ಅಲ್ಲಾಡಸಿದ್ದಕ್ಕ ಅವರು ಸುಮ್ಮನಿದ್ರು.”

ಅಫ್ಸಾನಾ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿದ್ದಳು. “ಮರುದಿನಾ?” ಎಂದು ಕೇಳಿದಳು. “ಮರುದಿನಾ ಏನಾತ್ರಿ ಅಕ್ಕಾರ?”

ಸುನಂದಾ ಆ ದನಿಗೆ ತಿರುಗಿದಳು, ಆದರೆ ಕಣ್ಣು ಎತ್ತಲಾಗಲಿಲ್ಲ.

“ಪದಕಾ ನನ್ನ ಕೈಯಾಗ ಕೊಟ್ಟು ಬಾಗಲಕೋಟಿಗೆ ಕಳಿಸಿದ್ರು. ಬಸ್ಸ ಹತ್ತಿದೆ. ಹುನಗುಂದದಾಗ ಇಳದೆ.”

ಇಳಕಲ್ಲಿನಿಂದ ಬಾಗಲಕೋಟೆಗೆ ಹೋಗುವ ಪ್ರತಿಯೊಂದು ಬಸ್ಸೂ ಹುನಗುಂದದಲ್ಲಿ ನಿಲ್ಲುತ್ತದೆ. ಇಷ್ಟು ದಿನ ಈ ಕೇಸನ್ನು ಮಗುಚಿ ಹಾಕಿದ ಯಾರಿಗೂ ಅದು ಹೊಳೆದಿರಲಿಲ್ಲ. ತಮಗೂ ಹೊಳೆದಿರಲಿಲ್ಲ ಎಂದು ಸಂಗಯ್ಯನವರು ಮನಸ್ಸಿನಲ್ಲಿಯೇ ತಲೆತಗ್ಗಿಸಿದರು.

“ನಿಮ್ಮ ಮನಿಗೆ ಬಂದೆ. ನೀ ಸಾಲಿಗೆ ಹೋಗಿದ್ದಿ. ಕಾಕಾ ಒಬ್ಬರ ಇದ್ರು. ಅಂದೆ, ‘ಇದು ಬಾಗಲಕೋಟಿ ಮುಟ್ಟಿದ್ರ ಖರೇ ಹರಳ ಅಂತಾರ. ನಿಮ್ಮ ಮ್ಯಾಲಿನ ಮಾತು ಹೋಗ್ತೈತಿ. ಆದ್ರ ನಮ್ಮವ್ವನ ಹರಳ ಶೀಲಾನ ಕೊರಳಿಗೆ ಹೋಗ್ತೈತಿ, ನಾ ಅದನ್ನ ಮತ್ತ ಕಾಣೂದಿಲ್ಲ.’ ಇಷ್ಟ ಅಂದೆ. ಹಿಂಗ ಮಾಡ್ರಿ ಅಂತ ಅನ್ನಲಿಲ್ಲ.” ಅವಳು ದೀಪದ ಬತ್ತಿಯನ್ನು ತುಸು ಹಿಂದೆ ಸರಿಸಿದಳು. “ಅಂದಂಗ ಆತು. ಸುಳ್ಳ ಯಾಕ ಹೇಳಲಿ.”

“ಅಬ್ಬಾ ಏನಂದ್ರು?”

“ಮಣಿ ಮುಂದ ಕೂತ್ರು. ಅಂಚ ಬಿಚ್ಚಿದ್ರು. ಡಬ್ಬ್ಯಾಗಿನ ಒಂದು ಹಸರ ಗಾಜ ತಗೊಂಡು ಆ ಅಳತಿಗೆ ಉಜ್ಜಿ ಕೂಡಿಸಿದ್ರು. ‘ಕಳ್ಳ ಅಂತ ಹೆಸರು ಹ್ಯಾಂಗೂ ಬಂದೈತಿ ತಂಗೀ. ಹೆಸರಿಗಿ ತಕ್ಕ ಕೆಲಸಾ ಒಂದ ಮಾಡಿದ್ರ ಏನಾತು’ ಅಂದು ನಕ್ರು.”

ಯಾರೂ ನಗಲಿಲ್ಲ.

ಒಬ್ಬ ಮನುಷ್ಯ ತನ್ನ ನಿರಪರಾಧಿತ್ವಕ್ಕೆ ಇದ್ದ ಒಂದೇ ಸಾಕ್ಷಿಯನ್ನು ತನ್ನ ಎಡಗೈಯಿಂದ ಎಬ್ಬಿಸಿ, ಅದರ ಜಾಗದಲ್ಲಿ ತನ್ನ ಅಪರಾಧವನ್ನು ಕೂಡಿಸಿ, ಅಂಚನ್ನು ಅಚ್ಚುಕಟ್ಟಾಗಿ ಮಡಚಿದ್ದ. ಎಂದೋ ಮುಳುಗಿದ ಊರಿನಿಂದ ಮಣೆಯೊಂದನ್ನು ಹೊತ್ತು ಬಂದಾಗ ಸಿಕ್ಕ ಒಂದು ಕಟ್ಟೆಯ ನೆರಳಿಗೆ. ಕಂದೀಲಿನ ಬೆಳಕಿನಲ್ಲಿ ಬೆರಳೊಂದನ್ನು ಎಳೆದಾಡುತ್ತಿದ್ದ ಒಂದು ಮಗುವಿಗೆ. ನಾಳೆ ಕೋರ್ಟಿನಲ್ಲಿ ಅವನು ಒಪ್ಪಿಕೊಳ್ಳಲಿದ್ದುದು, ಎಲ್ಲರೂ ಅಂದುಕೊಂಡಂತೆ, ಸೋತು ಹೇಳುವ ಸುಳ್ಳಲ್ಲ.

“ಕೇಸ ಆಗ್ತೈತಂತ ನನಗ ಗೊತ್ತಿರ್ಲಿಲ್ರಿ,” ಸುನಂದಾ ಎಂದಳು. “ಮಾತಿನಾಗ ಮುಗೀತೈತಿ ಅನ್ಕೊಂಡಿದ್ದೆ. ಪೊಲೀಸರು ಬಂದಾಗ ಹೇಳಬೇಕಂತ ಬಾಗಲ ತನಕಾ ಬಂದೆ. ಕಾಕಾ ಫೋನ ಮಾಡಿ, ‘ನೀ ಬಾಯಿ ಬಿಟ್ರ ನಿನ್ನ ತವರಿಗೆ ಮಣ್ಣ, ನನಗೂ ಬಿಡುಗಡಿ ಇಲ್ಲ’ ಅಂದ್ರು. ಅದನ್ನ ನೆವಾ ಮಾಡ್ಕೊಂಡೆ.”

ಗುರುಸಿದ್ದವ್ವ ಮೆಲ್ಲಗೆ ಎದ್ದು, ಕಿಟಕಿಯ ಹತ್ತಿರ ಬಂದು, ಪದಕವನ್ನು ಬಿಳಿಯ ಅರಿವೆಯಲ್ಲಿ ಸುತ್ತಿದಳು. ಕಣ್ಣಿಗೆ ಕಾಣದಂತೆ ಮಾಡಿದಳು. “ಒಂದ ಮಾತ ಕೇಳಬೇಕಿತ್ತು ನಾ,” ಎಂದಳು, ಸೊಸೆಗೋ, ಕಲ್ಲಿನ ಹಾಸಿಗೋ. “ಕೊಡು ಅಂತ ಕೇಳಿದೆ. ಕೊಡ್ತೀಯೇನು ಅಂತ ಕೇಳಲಿಲ್ಲ.”

ಸಂಗಯ್ಯನವರಿಗೆ ಇನ್ನೊಂದು ಪ್ರಶ್ನೆ ಉಳಿದಿತ್ತು. ಕೇಳಬಾರದೆಂದು ಮನಸ್ಸು ಹೇಳುತ್ತಿತ್ತು. ನಾಲಿಗೆ ಬದುಕೆಲ್ಲ ಕೇಳಿ ಕೇಳಿ ಪಳಗಿದ್ದು.

“ಹರಳ ಈಗ ಎಲ್ಲೈತಿ? ನಿಮ್ಮ ಕಡಿ?”

“ಇಲ್ರಿ. ನಾ ತರಲಿಲ್ಲ. ಈ ಮನ್ಯಾಗ ಎಲ್ಲಿಟ್ರೂ ಸಿಗ್ತೈತಂತ ಅಂಜಿದೆ. ಸದ್ದಡಗೂ ತನಕಾ ಕಾಕಾನ ಹಂತೇಕ ಇರ್ಲಿ ಅಂದೆ.”

“ಮೀರಾಸಾಬನ ಮನಿ ಪೊಲೀಸರು ಮೂಲಿಮೂಲಿ ಜಾಡಿಸ್ಯಾರ. ಸಿಕ್ಕಿಲ್ಲ.”

“ನಾನೂ ಕೇಳಿದ್ನಿರಿ, ಎಲ್ಲಿಡ್ತೀರಿ ಕಾಕಾ ಅಂತ.” ಸುನಂದಾ ನೆನಪಿನಿಂದ ಆ ಮಾತನ್ನು ಹಾಗೆಯೇ ಎತ್ತಿ ತಂದಳು. “‘ಯಾರೂ ಬಿಚ್ಚಿ ನೋಡಲಾರದ ಜಾಗಾದಾಗ ಇಡ್ತೇನಿ, ತಂಗೀ. ನನ್ನ ಜೀವ ಎಲ್ಲೈತೋ ಅಲ್ಲಿ’ ಅಂದ್ರು.”

ಸಂಗಯ್ಯನವರು ನೋಡಬಾರದೆಂದುಕೊಂಡರು. ಆದರೂ ಅವರ ಕಣ್ಣು ಹೋಯಿತು. ಅದರ ಹಿಂದೆಯೇ ಗುರುಸಿದ್ದವ್ವನ ಕಣ್ಣು, ಕೊನೆಗೆ ಸುನಂದಾಳದು.

ಅಫ್ಸಾನಾಳ ಬೆರಳುಗಳು ತಾಯತದ ಮೇಲೆ ನಿಂತಿದ್ದವು. ಬೆಳಗಿನಿಂದ ಅದನ್ನು ಮೇಲೆ ಕೆಳಗೆ ಸರಿಸುತ್ತಿದ್ದ ಬೆರಳುಗಳು ಈಗ ಮುಷ್ಟಿಯಾಗಿ ಮುಚ್ಚಿಕೊಂಡವು. ಅವಳ ಒಂದು ಕೆನ್ನೆಗೆ ಕಿಟಕಿಯ ಬಿಸಿಲು, ಇನ್ನೊಂದಕ್ಕೆ ಆರಿಸಲು ಮರೆತ ದೀಪ.

“ಅಫ್ಸಾನಾ,” ಎಂದರು ಸಂಗಯ್ಯನವರು.

“ಈಗ ಬ್ಯಾಡ್ರಿ ಸಾಹೇಬ್ರ.”

“ಇಲ್ಲೇ ಬಿಚ್ಚಿಟ್ಟ ಹೋದ್ರ ನಾಲ್ವರ ನಡುವ ಮುಗೀತೈತವಾ. ಅವ್ವಾರ ಒಪ್ತಾರ.”

“ನಾ ಏನೂ ಕೇಳೂದಿಲ್ಲ,” ಗುರುಸಿದ್ದವ್ವ ಅವಸರದಿಂದ ಎಂದಳು. “ಹರಳ ಸುನಂದಾಂದ. ನಾಳೆ ನಾ ಬಂದು ನಿಮ್ಮಪ್ಪಂದು ಏನೂ ತಪ್ಪಿಲ್ಲಂತ ಹೇಳ್ತೇನಿ.”

“ತಪ್ಪಿಲ್ಲಂತ ಹ್ಯಾಂಗ ಹೇಳ್ತೀರಿ ಅಜ್ಜಿ?” ಅಫ್ಸಾನಾಳ ದನಿ ಏರಲಿಲ್ಲ. “ನಾ ಊರೆಲ್ಲಾ ಹೇಳಿಕೋತ ತಿರಗಿದೆ. ಸ್ಟೇಶನ್ನಿನಾಗ ಹೇಳಿದೆ, ವಕೀಲರ ಮುಂದ ಹೇಳಿದೆ, ಇವತ್ತ ನಿಮ್ಮ ಹೊಸ್ತಿಲದಾಗ ನಿಂತು ಹೇಳಿದೆ. ಹೇಳೂಮುಂದೆಲ್ಲ ಇದು ನನ್ನ ಕೊರಳಾಗ ಇತ್ತು. ಅಬ್ಬಾ ನನ್ನ ಎದರ ಕೂತು ಕೇಳತಿದ್ರು. ಒಂದ ಸಲಾನೂ ಸಾಕು ಮಾಡು ಅನ್ನಲಿಲ್ಲ. ಒಂದ ಸಲಾನೂ ಹೌದು ಅನ್ನಲಿಲ್ಲ.”

ಸುನಂದಾ ಒಂದು ಹೆಜ್ಜೆ ಮುಂದೆ ಬಂದಳು. ಅಫ್ಸಾನಾ ಅಷ್ಟೇ ಹಿಂದೆ ಸರಿದಳು.

“ಇದು ಬರೇ ದುವಾ ಬರದ ಚೀಟಿ ಇದ್ರ?” ಎಂದಳು. “ಬಿಚ್ಚಿದ್ರ ಅಬ್ಬಾನ ನಂಬಲಿಲ್ಲಂತ ಆಗ್ತೈತಿ. ಬಿಚ್ಚಲಿಲ್ಲಂದ್ರ, ನಾಳೆ ಇದನ್ನ ಕಟ್ಕೊಂಡ ನಾ ಅವರ ಪಕ್ಕ ನಿಲ್ಲಬೇಕು. ಹೇಳ್ರಿ ಸಾಹೇಬ್ರ, ನೀವು ಭಾಳ ಕೇಸ ನೋಡೀರಿ. ಯಾವುದು ಮಾಡ್ಲಿ?”

ಸಂಗಯ್ಯನವರು ನೋಡಿದ ಕೇಸುಗಳಲ್ಲಿ ಹೀಗೆ ಕೇಳಿದವರು ಯಾರೂ ಇರಲಿಲ್ಲ.

ಅವಳು ಸ್ವಲ್ಪ ಹೊತ್ತು ಕಾದಳು. ಗಣಿತದ ಶಿಕ್ಷಕಿ ಹುಡುಗರ ಉತ್ತರಕ್ಕೆ ಕಾಯುವಷ್ಟು. ಆಮೇಲೆ ದುಪಟ್ಟಾವನ್ನು ಕೊರಳಿನ ಸುತ್ತ ಎಳೆದುಕೊಂಡಳು, ತಾಯತ ಮರೆಯಾಯಿತು.

“ಹುನಗುಂದದ ಬಸ್ಸ ಈಗ ಬರ್ತೈತಿ,” ಎಂದಳು. “ಅಬ್ಬಾ ಊಟಕ್ಕ ಕಾಯ್ತಿರ್ತಾರ.”

ಹೊಸ್ತಿಲು ದಾಟಿದಳು. ಪಡಸಾಲೆಯಲ್ಲಿ ಅವಳ ಚಪ್ಪಲಿಯ ಸದ್ದು, ಅಂಗಳದಲ್ಲಿ ಅವಳ ನೆರಳು. ಯಾರೂ ತಡೆಯಲಿಲ್ಲ. ಕಿಟಕಿಯಿಂದ ಬಂದ ಗಾಳಿಗೆ ದೀಪ ಬಾಗಿ ಮತ್ತೆ ನೆಟ್ಟಗಾಯಿತು, ಮತ್ತು ಅಂಗಳದ ಆಚೆ, ಆ ಮನೆಯ ತೇಗದ ತಲಬಾಗಿಲು ಅವಳ ಹಿಂದೆ ಮುಚ್ಚಿಕೊಂಡಿತು.